‘ಇದು ಆಗೋ ಮಾತಾ?’ ಅಂತ ಕೇಳಿಸುವ ಗಣಿತ

ನಾನು ಗಣಿತದ ಮೇಷ್ಟ್ರು. ಹೊಸ ತರಗತಿಗೆ ಹೋದಾಗಲೆಲ್ಲ ಒಂದು ಹಳೇ ಲೆಕ್ಕ ಕೊಡುತ್ತೇನೆ. 1128 ಸೈನಿಕರಿದ್ದಾರೆ. ಒಂದು ಬಸ್ಸಿಗೆ 36 ಜನ. ಎಷ್ಟು ಬಸ್ಸು ಬೇಕು? 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ್ದ ಪ್ರಶ್ನೆ ಇದು. ಭಾಗಾಕಾರ ಸರಿಯಾಗೇ ಮಾಡಿದವರಲ್ಲಿ ಬಹಳ ಜನ ‘31, ಶೇಷ 12’ ಅಂತ ಬರೆದು ಕೈ ತೊಳೆದುಕೊಂಡಿದ್ದರು. ನನ್ನ ಮಕ್ಕಳೂ ಅದನ್ನೇ ಬರೆಯುತ್ತಾರೆ.

“ಶೇಷ 12 ಅಂದ್ರೆ ಯಾರ್ರಪ್ಪಾ?” ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಯಾರೋ “ಇನ್ನೊಂದು ಬಸ್ ಬೇಕು ಸಾರ್” ಅಂತಾರೆ. ಒಬ್ಬನಂತೂ “12 ಜನ ತಾನೇ, ನಿಂತ್ಕೊಂಡು ಹೋಗ್ಲಿ ಬಿಡಿ” ಅಂದ. ಪುಸ್ತಕದ ಉತ್ತರ 32. ಆದರೂ ಅವನಿಗೆ ಭೇಷ್ ಅಂದೆ. ಅವನ ಕಣ್ಣಿಗೆ ಬಸ್ಸು ಕಂಡಿತ್ತು, ಅಲ್ವಾ?

ಅಲ್ಲಿಂದ ಮುಂದೆ ನಮ್ಮ ನಿಯಮ ಒಂದೇ. ಪೆನ್ಸಿಲ್ ಹಿಡಿಯುವ ಮೊದಲು ಅಂದಾಜು ಹೇಳಬೇಕು. ಲಕ್ಷ ಸೆಕೆಂಡ್ ಅಂದರೆ ಎಷ್ಟು ಹೊತ್ತು? ಒಂದು ವಾರ, ಒಂದು ತಿಂಗಳು ಅಂತೆಲ್ಲ ಕೂಗುತ್ತಾರೆ. ದಿನಕ್ಕೆ 86,400 ಸೆಕೆಂಡ್, ಹಾಗಾಗಿ ಲಕ್ಷಕ್ಕೆ ಒಂದು ದಿನದ ಮೇಲೆ ನಾಲ್ಕು ಗಂಟೆಯೂ ತುಂಬುವುದಿಲ್ಲ. ಕೋಟಿಗೆ ಸುಮಾರು 116 ದಿನ. ನೂರು ಕೋಟಿ ಅಂದರೆ 31 ವರ್ಷ ದಾಟುತ್ತದೆ. ಸೊನ್ನೆಗಳನ್ನು ಸುಮ್ನೆ ಎಣಿಸುತ್ತಿದ್ದವರು ಇಲ್ಲಿ ಬಾಯಿ ಬಿಟ್ಟುಕೊಂಡು ಕೂರುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕೈ ಹಿಡಿದಿದ್ದು ಎ4 ಹಾಳೆಯ ಕಟ್ಟು. ಅದರ ಮೇಲೆ ‘80 ಜಿಎಸ್‌ಎಂ’ ಅಂತ ಇರುತ್ತದೆ. ಅಂದರೆ ಒಂದು ಚದರ ಮೀಟರ್ ಹಾಳೆ 80 ಗ್ರಾಂ ತೂಗುತ್ತದೆ. ಎ4 ಹಾಳೆ 16 ಜೋಡಿಸಿದರೆ ಒಂದು ಚದರ ಮೀಟರ್. ಹಾಗಾದರೆ ಒಂದು ಹಾಳೆಗೆ? 5 ಗ್ರಾಂ. 500 ಹಾಳೆಗೆ ಎರಡೂವರೆ ಕಿಲೋ. ಲೆಕ್ಕ ಮುಗಿದ ಮೇಲೆ ಕಟ್ಟನ್ನು ತಕ್ಕಡಿಗೆ ಇಡುತ್ತೇನೆ. ಮುಳ್ಳು ಅಲ್ಲಿಗೇ ಬಂದು ನಿಂತಾಗ ಆಗುವ ಗಲಾಟೆ ಪಕ್ಕದ ತರಗತಿಗೂ ಕೇಳುತ್ತದೆ!

ಆಮೇಲೆ ಸ್ಕೇಲ್ ತಗೊಂಡು ಕಟ್ಟಿನ ದಪ್ಪ ಅಳೆಯುತ್ತಾರೆ. ಹೆಚ್ಚುಕಮ್ಮಿ 5 ಸೆಂಟಿಮೀಟರ್. ಒಂದು ಹಾಳೆಯ ದಪ್ಪ ಎಷ್ಟು ಅಂದಾಗ ಒಬ್ಬಳು 1 ಮಿಲಿಮೀಟರ್ ಅಂದಳು. ನಾನು ತಪ್ಪು ಅನ್ನಲಿಲ್ಲ, ಹತ್ತು ಹಾಳೆ ಎಣಿಸಿ ಕೈಗೆ ಕೊಟ್ಟೆ. ಅವಳ ಲೆಕ್ಕದ ಪ್ರಕಾರ ಅದು ಒಂದು ಸೆಂಟಿಮೀಟರ್ ಇರಬೇಕು. ಸ್ಕೇಲ್ ಇಟ್ಟು ನೋಡಿದಳು, ನಕ್ಕಳು, ದಶಮಾಂಶದ ಚುಕ್ಕಿಯನ್ನು ತಾನೇ ಸರಿಸಿ 0.1 ಮಾಡಿದಳು.

ಎಲ್ಲ ಪಾಠಕ್ಕೂ ಹೀಗೆ ನಿಜಜೀವನ ತುರುಕಲು ನಾನು ಹೋಗುವುದಿಲ್ಲ. ಬೀಜಗಣಿತದ ಸೂತ್ರಕ್ಕೆ ಎಳೆದು ತಂದ ಕಥೆ ಸೂತ್ರಕ್ಕಿಂತ ಕಷ್ಟ.

ಆದರೆ ಅಳತೆ, ವೇಗ, ತೂಕದ ಲೆಕ್ಕವಿದ್ದರೆ ಉತ್ತರದ ಕೆಳಗೆ ‘ಇದು ಆಗೋ ಮಾತಾ?’ ಅಂತ ಕೇಳಿಕೊಂಡು ಒಂದು ಸಾಲು ಬರೆಯಬೇಕು. ಸೈಕಲ್ಲಿನ ವೇಗ ಗಂಟೆಗೆ 150 ಕಿಲೋಮೀಟರ್ ಬಂದಿದ್ದ ಒಬ್ಬ ಹುಡುಗ ಕೆಳಗೆ ಹೀಗೆ ಬರೆದಿದ್ದ: ‘ಆಗಲ್ಲ ಸಾರ್, ಎಲ್ಲೋ ಒಂದು ಸೊನ್ನೆ ಜಾಸ್ತಿ ಆಗಿದೆ, ಹುಡುಕೋಕೆ ಟೈಮ್ ಸಾಲಲಿಲ್ಲ.’ ಆ ಸಾಲಿಗೆ ಅರ್ಧ ಅಂಕ ಕೊಟ್ಟೆ.