ಗೋಮುಖಕ್ಕೆ ನಡೆಯುವ ಮುನ್ನ

ಗಂಗೆಯ ಮೂಲಧಾರೆ ಭಾಗೀರಥಿ ಹಿಮನದಿಯಿಂದ ಹೊರಬೀಳುವ ಜಾಗವೇ ಗೋಮುಖ. ಗಂಗೋತ್ರಿಯಿಂದ ಅಲ್ಲಿಗೆ ಸುಮಾರು 18 ಕಿ.ಮೀ. ನಡಿಗೆ, ದಾರಿಯಲ್ಲಿ ಚೀರ್‌ಬಾಸಾ 9 ಕಿ.ಮೀ.ಗೆ, ಭೋಜ್‌ಬಾಸಾ 14ಕ್ಕೆ ಸಿಗುತ್ತವೆ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಬಿಡುವುದಿಲ್ಲ. ದಿನಕ್ಕೆ 150 ಮಂದಿಗಷ್ಟೇ ಅವಕಾಶ, ಹಾಗಾಗಿ ಮೊದಲೇ ಮಾಡಿಸಿಕೊಳ್ಳಿ.

ಗಂಗೋತ್ರಿಯೇ 3,000 ಮೀಟರ್ ದಾಟಿದ ಊರು, ಗಾಳಿ ತೆಳು. ಬಂದ ಮರುದಿನವೇ ಹೊರಡಬೇಡಿ. ಒಂದು ದಿನ ಅಲ್ಲೇ ಸುತ್ತಾಡಿ, ನೀರು ಚೆನ್ನಾಗಿ ಕುಡಿಯಿರಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮೇಲೆ ಹತ್ತುವ ಮಾತೇ ಬೇಡ, ಕೆಳಗಿಳಿಯಿರಿ. ಜಿಮ್‌ನಲ್ಲಿ ಬೆವರು ಸುರಿಸಿದವರಿಗೂ ಈ ಎತ್ತರದ ಕಾಯಿಲೆಯಿಂದ ವಿನಾಯಿತಿ ಇಲ್ಲ.

ಬೆಳಿಗ್ಗೆ ಬೇಗ ಹೊರಡಿ. ಚೀರ್‌ಬಾಸಾ ದಾಟಿದ ಮೇಲೆ ಕಲ್ಲುರುಳುವ ಇಳಿಜಾರು ಬರುತ್ತದೆ. ರಾತ್ರಿ ಹೆಪ್ಪುಗಟ್ಟಿ ಕಲ್ಲುಮಣ್ಣನ್ನು ಹಿಡಿದಿಟ್ಟ ನೀರು ಬಿಸಿಲೇರಿದಂತೆ ಕರಗಿ ಹಿಡಿತ ಬಿಡುತ್ತದೆ. ಅಲ್ಲಿ ಫೋಟೊಗೆ ನಿಲ್ಲದೆ, ಒಬ್ಬೊಬ್ಬರಾಗಿ, ಮೇಲೆ ಕಣ್ಣಿಟ್ಟು ದಾಟಿ. ತೊರೆಗಳೂ ಅಷ್ಟೇ: ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆಗೆ ಮೊಣಕಾಲಿಗೆ ಬಂದಿರಬಹುದು.

ಭೋಜ್‌ಬಾಸಾದಲ್ಲಿ ತಂಗಿ, ಮರುದಿನ ಗೋಮುಖ ನೋಡಿ ಮರಳಿ. ಹಿಮನದಿಯ ಬಾಯಿಯ ಬುಡಕ್ಕೆ ಮಾತ್ರ ಹೋಗಬೇಡಿ. ಮೇಲಿನ ಮಂಜುಗಡ್ಡೆ ಸುಳಿವೇ ಕೊಡದೆ ದಿಮ್ಮಿ ದಿಮ್ಮಿಯಾಗಿ ಕಳಚಿ ಬೀಳುತ್ತದೆ. ಭಾಗೀರಥಿಯ ನೀರು ಬೂದುಬಣ್ಣಕ್ಕಿರುವುದು ಹಿಮನದಿ ಅರೆದ ಬಂಡೆಯ ಹುಡಿಯಿಂದ. ತೀರ್ಥ ತುಂಬಿಸಿದ ಬಾಟಲಿಯನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಹುಡಿಯ ಬಹುಪಾಲು ತಳಕ್ಕಿಳಿಯುತ್ತದೆ.