ಅಳಿವೆ ಮೀನಿನ ರಾಡ್‌ಗೆ ಬ್ಲ್ಯಾಂಕ್ ಆರಿಸುವ ಬಗೆ

ಬ್ಲ್ಯಾಂಕ್, ಅಂದರೆ ಏನೂ ಕಟ್ಟದ ಬರಿ ಕೊಳವೆ, ತಂದು ಮೀನು ಹಿಡಿಯುವ ರಾಡ್ ಕಟ್ಟಬೇಕು ಅಂತ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮೀಡಿಯಂ ತಗೊಳ್ಳಲಾ, ಮೀಡಿಯಂ ಹೆವಿ ತಗೊಳ್ಳಲಾ?’ ನಾನು ತಿರುಗಿ ಕೇಳುವುದೂ ಒಂದೇ. ‘ನೀವು ಹೆಚ್ಚು ಹೊತ್ತು ಎಸೆಯುವ ಲೂರ್ ಎಷ್ಟು ಗ್ರಾಂ?’ ಲೂರ್ ಅಂದರೆ ಮೀನಿಗೆ ಒಡ್ಡುವ ನಕಲಿ ಎರೆ. ಅದರ ತೂಕ ಗೊತ್ತಾಗುವವರೆಗೆ ಬೇರೆ ಯಾವ ಮಾತೂ ಉಪಯೋಗಕ್ಕೆ ಬರಲ್ಲ. ಅಳಿವೆ, ಹಿನ್ನೀರು, ದಡದ ಹತ್ತಿರದ ಸಮುದ್ರ, ಎಲ್ಲೇ ಆಗಲಿ, ಮೀನು ಕಚ್ಚಿದ ಗಳಿಗೆ ಚಿಕ್ಕದು. ಮಿಕ್ಕ ಹೊತ್ತೆಲ್ಲ ಎಸೆಯುವುದು, ಸುತ್ತುವುದು, ಮತ್ತೆ ಎಸೆಯುವುದು. ಬ್ಲ್ಯಾಂಕ್ ಆ ಕೆಲಸಕ್ಕೆ ಹೊಂದಬೇಕು.

ಹಾಗಾಗಿ ಮೊದಲು ಅಡುಗೆಮನೆಯ ತಕ್ಕಡಿ ತನ್ನಿ. ನೀವು ನಿಜವಾಗಿ ಬಳಸುವ ಮೂರ್ನಾಲ್ಕು ಲೂರ್‌ಗಳನ್ನು ತೂಗಿ ಬರೆದಿಡಿ. ಜಿಗ್ ಹೆಡ್ (ಸೀಸದ ತಲೆಯ ಕೊಕ್ಕೆ) ಮೇಲೆ ಬರೆದಿರುವುದು ಸೀಸದ ತೂಕ ಮಾತ್ರ. 7 ಗ್ರಾಂ ಜಿಗ್ ಹೆಡ್‌ಗೆ 4 ಇಂಚಿನ ರಬ್ಬರ್ ಮೀನು ಚುಚ್ಚಿದರೆ ಒಟ್ಟು ತೂಕ ಸುಮಾರು ಎರಡರಷ್ಟಾಗಬಹುದು. ಬ್ಲ್ಯಾಂಕ್ ಮೇಲೆ 1/4 ರಿಂದ 3/4 ಔನ್ಸ್ ಅಂತ ಇದ್ದರೆ ಅದು ಸುಮಾರು 7 ರಿಂದ 21 ಗ್ರಾಂ. ನಿಮ್ಮ ಮುಖ್ಯ ಲೂರ್ ಈ ಎರಡರ ನಡುವೆ ಬೀಳಬೇಕು, ಅಂಚಿನಲ್ಲಲ್ಲ. ಕೆಳಗಿನ ಅಂಚಿನಲ್ಲಿದ್ದರೆ ರಾಡ್ ಬಾಗುವುದೇ ಇಲ್ಲ, ತೋಳಿನ ಬಲದಿಂದ ಎಸೆಯಬೇಕಾಗುತ್ತದೆ. ಸಂಜೆಗೆ ಭುಜ ನೋಯುತ್ತದೆ.

ಪವರ್ ಅಂದರೆ ಬ್ಲ್ಯಾಂಕ್ ಬಾಗಿಸಲು ಎಷ್ಟು ಬಲ ಬೇಕು ಅನ್ನುವುದು. ಮೀಡಿಯಂ, ಮೀಡಿಯಂ ಹೆವಿ ಅನ್ನುವ ಪವರ್ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಮೀಡಿಯಂ ಲೈಟ್ ಆಗಿರಬಹುದು. ಇದಕ್ಕೆ ಮದ್ದು ಇದೆ, ಮನೆಯಲ್ಲೇ ಮಾಡಬಹುದು. ಬಟ್ ಅನ್ನು, ಅಂದರೆ ಕೈ ಹಿಡಿಯುವ ಕಡೆಯ ದಪ್ಪ ಭಾಗವನ್ನು, ನೆಲಕ್ಕೆ ಸಮಾನಾಂತರವಾಗಿ ಗಟ್ಟಿಯಾಗಿ ಹಿಡಿಸಿ. ತುದಿಗೆ ಒಂದು ಚಿಕ್ಕ ಪ್ಲಾಸ್ಟಿಕ್ ಚೀಲ ಕಟ್ಟಿ. ತುದಿ ಬ್ಲ್ಯಾಂಕಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿಯುವವರೆಗೆ ಚೀಲಕ್ಕೆ ಸ್ವಲ್ಪ ಸ್ವಲ್ಪ ನೀರು ಸುರಿಯಿರಿ. 7 ಅಡಿಯ ಬ್ಲ್ಯಾಂಕ್ ಆದರೆ 28 ಇಂಚು. ಆಮೇಲೆ ಚೀಲ ಬಿಚ್ಚಿ ತೂಗಿ. ಆ ಸಂಖ್ಯೆಯೇ ಬ್ಲ್ಯಾಂಕಿನ ನಿಜವಾದ ಪವರ್. ಅದೇ ಹೊತ್ತಿನಲ್ಲಿ ತುದಿ ನೆಲದ ಕಡೆ ಎಷ್ಟು ಕೋನದಲ್ಲಿ ತಿರುಗಿದೆ ನೋಡಿ. ಕೋನ ಜಾಸ್ತಿ ಇದ್ದಷ್ಟೂ ಆಕ್ಷನ್ ಫಾಸ್ಟ್, ಅಂದರೆ ಬಾಗು ತುದಿಯ ಕಡೆಗೇ ಹೆಚ್ಚು. ಬಿಲ್ ಹ್ಯಾನಿಮನ್ ರೂಪಿಸಿದ ಕಾಮನ್ ಸೆಂಟ್ಸ್ ಪದ್ಧತಿಯ ತಿರುಳು ಇದೇ. ಅವರು ತೂಕಕ್ಕೆ 2.5 ಗ್ರಾಂನ ಅಮೆರಿಕದ ಪೆನ್ನಿ ನಾಣ್ಯ ಬಳಸಿದರು, ನಮಗೆ ನೀರು ಸಾಕು. ನಿಮಗೆ ಇಷ್ಟವಾದ ಹಳೆಯ ರಾಡ್ ಇದ್ದರೆ ಅದನ್ನೂ ಹೀಗೇ ಅಳೆದಿಡಿ. ಬ್ಲ್ಯಾಂಕ್ ಮಾರುವವರಲ್ಲಿ ಕೆಲವರು ಈ ಅಳತೆ ಕೊಡುತ್ತಾರೆ, ಕೇಳಿದರೆ ತಪ್ಪಿಲ್ಲ.

ಆಕ್ಷನ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಕ್ಸ್‌ಟ್ರಾ ಫಾಸ್ಟ್ ಅಂದರೆ ತುದಿ ಮಾತ್ರ ಬಾಗುವ ಬ್ಲ್ಯಾಂಕ್. ಕೈಯಲ್ಲಿ ಅಲ್ಲಾಡಿಸಿದಾಗ ಅದು ತುಂಬಾ ಚುರುಕಾಗಿ ಕಾಣುತ್ತದೆ, ಅದಕ್ಕೇ ಜನ ಮನಸೋಲುತ್ತಾರೆ. ಆದರೆ ಈಗ ನಾವೆಲ್ಲ ಬ್ರೇಡ್ ಲೈನ್ (ಹೆಣೆದ ದಾರ) ಬಳಸುತ್ತೇವೆ, ಅದು ಹಿಗ್ಗುವುದೇ ಇಲ್ಲ ಅನ್ನಬಹುದು. ಮೀನು ತಲೆ ಕೊಡವಿದಾಗ ಆ ಜಗ್ಗನ್ನು ಯಾರಾದರೂ ತಡೆದುಕೊಳ್ಳಬೇಕು ಅಲ್ವಾ? ಲೈನ್ ತಡೆಯದಿದ್ದರೆ ರಾಡೇ ತಡೆಯಬೇಕು. ಸೀಟ್ರೌಟ್‌ನಂಥ ಮೆತ್ತನೆ ಬಾಯಿಯ ಮೀನಿಗೆ, ಟ್ರೆಬಲ್ (ಮೂರು ಮುಳ್ಳಿನ) ಕೊಕ್ಕೆಯ ಪ್ಲಗ್ ಲೂರ್‌ಗಳಿಗೆ, ಮಾಡರೇಟ್ ಫಾಸ್ಟ್ ಬ್ಲ್ಯಾಂಕ್ ಎಷ್ಟೋ ಮೇಲು. ಕೊಕ್ಕೆ ಬಾಯಿ ಹರಿದು ಬರುವುದು ಕಡಿಮೆಯಾಗುತ್ತದೆ. ಒಂಟಿ ಕೊಕ್ಕೆಯ ಜಿಗ್ ಕುಣಿಸುವುದೇ ಮುಖ್ಯವಾದರೆ ಫಾಸ್ಟ್ ಸರಿ, ಏಕೆಂದರೆ ಗಟ್ಟಿ ಬಾಯಿಗೆ ಆ ಕೊಕ್ಕೆ ನಾಟಿಸಲು ತಡವಿಲ್ಲದೆ ಬಲ ಬೇಕು. ಕಾಂಡ್ಲಾ ಬೇರುಗಳ ನಡುವಿನಿಂದ ಮ್ಯಾಂಗ್ರೋವ್ ಜ್ಯಾಕ್ ಮೀನು ಎಳೆಯುವವರಿಗೂ ಫಾಸ್ಟ್ ಬೇಕು, ಆದರೆ ಅಲ್ಲಿ ತುದಿಗಿಂತ ಬಟ್‌ನ ಬಲ ದೊಡ್ಡದು.

ಉದ್ದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೋಣಿ, ಕಯಾಕ್, ಗಿಡಗಳ ಅಡಿ ಎಸೆಯಲು ಆರೂವರೆಯಿಂದ 7 ಅಡಿ. ದಡದಿಂದ ಅಥವಾ ನೀರಿಗಿಳಿದು ನಿಂತು ಎಸೆಯುವುದಾದರೆ ಏಳೂವರೆಯಿಂದ 8. ಒಂದೇ ರಾಡ್ ಕಟ್ಟುವವರಿಗೆ 7 ಅಡಿ.

ಇನ್ನು ಕಾರ್ಬನ್. ಬ್ಲ್ಯಾಂಕ್ ಅಂದರೆ ರಾಳ ತುಂಬಿದ ಕಾರ್ಬನ್ ಬಟ್ಟೆಯನ್ನು ಉಕ್ಕಿನ ಚೂಪು ಸರಳಿಗೆ ಸುತ್ತಿ, ಬಿಗಿದು, ಒಲೆಯಲ್ಲಿ ಕಾಯಿಸಿ, ಸರಳು ಎಳೆದು ತೆಗೆದ ಕೊಳವೆ. ಮಾಡ್ಯುಲಸ್ ಅನ್ನುವುದು ಆ ನಾರು ಎಷ್ಟು ಬಿಗಿ ಅನ್ನುವುದರ ಅಳತೆ, ಮುರಿಯದೆ ತಾಳುವ ಶಕ್ತಿಯದ್ದಲ್ಲ. ಮಾಡ್ಯುಲಸ್ ಏರಿದಂತೆ ಕಡಿಮೆ ಬಟ್ಟೆಯಲ್ಲೇ ಅಷ್ಟೇ ಬಿಗಿ ಸಿಗುತ್ತದೆ, ಬ್ಲ್ಯಾಂಕ್ ಹಗುರವಾಗುತ್ತದೆ, ಗೋಡೆ ತೆಳುವಾಗುತ್ತದೆ. ತೆಳು ಗೋಡೆಗೆ ದೋಣಿಯ ಅಂಚು ತಗುಲಿದರೆ, ಎಸೆಯುವಾಗ ಜಿಗ್ ಹೆಡ್ ಬಡಿದರೆ, ಕಣ್ಣಿಗೆ ಕಾಣದ ಪೆಟ್ಟು ಉಳಿಯುತ್ತದೆ. ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಮಾರಾಟದ ಸಂಖ್ಯೆಗಳನ್ನು ನೋಡಿ ಹಿಗ್ಗಬೇಡಿ. ಐಎಂ6, ಐಎಂ7 ಅನ್ನುವವು ಹೆಕ್ಸೆಲ್ ಕಂಪನಿಯ ನಾರುಗಳ ಹೆಸರು. ಎರಡರ ಮಾಡ್ಯುಲಸ್ಸೂ ಸುಮಾರು 40 ಎಂಎಸ್‌ಐ (ಚದರ ಇಂಚಿಗೆ ಮಿಲಿಯನ್ ಪೌಂಡ್). 7 ದೊಡ್ಡ ಸಂಖ್ಯೆ ಅಂತ ಅದು ಹೆಚ್ಚು ಬಿಗಿ ಅಂದುಕೊಳ್ಳುವುದು ತಪ್ಪು. ಕೆಲವರು ಟನ್ ಲೆಕ್ಕದಲ್ಲಿ ಬರೆಯುತ್ತಾರೆ. 24 ಟನ್ ಅಂದರೆ ಸುಮಾರು 34 ಎಂಎಸ್‌ಐ, 30 ಟನ್ ಅಂದರೆ ಸುಮಾರು 43, 40 ಟನ್ ಅಂದರೆ ಸುಮಾರು 57. ದೋಣಿಯಲ್ಲಿ ಬಿದ್ದು ಎದ್ದು ಇರಬೇಕಾದ ರಾಡ್‌ಗೆ ನಾನು 24 ರಿಂದ 30 ಟನ್ನಿನ ಒಳಗೇ ಇರುತ್ತೇನೆ. ಹಗುರ ಬೇಕೇ ಬೇಕು ಅನ್ನುವವರು ಮೇಲಕ್ಕೆ ಹೋಗಲಿ, ಆದರೆ ಒಳಪದರದಲ್ಲಿ ಅಡ್ಡ ನಾರಿನ ಸ್ಕ್ರಿಮ್ ಇದೆಯಾ ಅಂತ ವಿಚಾರಿಸಿ. ಬಾಗಿದಾಗ ಕೊಳವೆ ಚಪ್ಪಟೆಯಾಗದಂತೆ ತಡೆಯುವುದು ಆ ಅಡ್ಡ ನಾರೇ.

ಬರಿ ಬ್ಲ್ಯಾಂಕ್ ಕೈಯಲ್ಲಿ ಹಿಡಿದಾಗ ಇರುವ ಚುರುಕು ರಾಡ್ ಆದ ಮೇಲೆ ಇರಲ್ಲ, ಇದನ್ನು ಆರಿಸುವಾಗಲೇ ಲೆಕ್ಕಕ್ಕೆ ತಗೊಳ್ಳಬೇಕು. ಗೈಡ್ (ಲೈನ್ ಹಾಯುವ ಉಂಗುರ), ಅದನ್ನು ಕಟ್ಟುವ ದಾರ, ಎಪಾಕ್ಸಿ ಅಂಟು ಎಲ್ಲದರ ತೂಕ ಸೇರಿ ತುದಿ ನಿಧಾನವಾಗುತ್ತದೆ. ಉಪ್ಪುನೀರಿಗೆ ತುಕ್ಕು ಹಿಡಿಯದ ಗೈಡ್ ಬೇಕು. ಟೈಟೇನಿಯಂ ಚೌಕಟ್ಟಿನವು ತುಕ್ಕು ತಡೆಯುತ್ತವೆ, ಹಗುರವೂ ಹೌದು. ಸ್ಟೇನ್‌ಲೆಸ್ ಹಾಕುವ ಯೋಚನೆ ಇದ್ದರೆ ತುದಿಯ ಕಡೆ ಆದಷ್ಟು ಚಿಕ್ಕ ಗೈಡ್ ಆರಿಸಿ. ನನ್ನನ್ನು ಕೇಳಿದರೆ, ದುಬಾರಿ ಬ್ಲ್ಯಾಂಕಿಗೆ ಭಾರದ ಗೈಡ್ ಕಟ್ಟುವುದಕ್ಕಿಂತ ಸಾಧಾರಣ ಬ್ಲ್ಯಾಂಕಿಗೆ ಹಗುರ ಗೈಡ್ ಕಟ್ಟುವುದು ಒಳ್ಳೆಯದು.

ಬ್ಲ್ಯಾಂಕ್ ಮಾರುವವರ ಪಟ್ಟಿಯಲ್ಲಿ ತುದಿಯ ಅಳತೆ 5 ಅಂತ ಇದ್ದರೆ ಅದು ಇಂಚಿನ 64ರಲ್ಲಿ 5 ಭಾಗ, ಸುಮಾರು 2 ಮಿಲಿಮೀಟರ್. ಟಿಪ್ ಟಾಪ್ (ತುದಿಗೆ ಹಾಕುವ ಗೈಡ್) ತರಿಸಲು ಈ ಸಂಖ್ಯೆ ಬೇಕು. ಬಟ್‌ನ ವ್ಯಾಸ ರೀಲ್ ಸೀಟಿನ, ಅಂದರೆ ರೀಲ್ ಕೂರಿಸುವ ಭಾಗದ, ಒಳಗೆ ಕೂರಬೇಕು. ಸಣ್ಣದಾದರೆ ಆರ್ಬರ್ ಅನ್ನುವ ಬಳೆ ಹಾಕಿ ತುಂಬಿಸಬಹುದು, ದಪ್ಪವಾದರೆ ಸೀಟು ಬದಲಿಸಬೇಕು.

ಬ್ಲ್ಯಾಂಕ್ ಮನೆಗೆ ಬಂದ ಕೂಡಲೇ ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡಿ. ಚೂರು ಡೊಂಕು ಎಲ್ಲದರಲ್ಲೂ ಇರುತ್ತದೆ, ಗಾಬರಿ ಬೇಡ. ತುದಿ ಮೇಲಕ್ಕೆ ಬಾಗಿದ ಹಾಗೆ ಇಟ್ಟು ಗೈಡ್ ಕಟ್ಟಿದರೆ ಅದರ ತೂಕಕ್ಕೇ ನೆಟ್ಟಗಾಗುತ್ತದೆ. ಸ್ಪೈನ್ (ಕೊಳವೆಯ ಹೆಚ್ಚು ಬಿಗಿಯಾದ ಪಕ್ಕ) ಹುಡುಕಿ ಅದಕ್ಕೇ ಗೈಡ್ ಕಟ್ಟಬೇಕು ಅಂತ ಹಟ ಹಿಡಿಯುವವರಿದ್ದಾರೆ. ನಾನು ನೆಟ್ಟಗಿರುವುದನ್ನೇ ನೋಡುತ್ತೇನೆ. ಕ್ಯಾಸ್ಟಿಂಗ್ ರಾಡ್ ಭಾರ ಬಿದ್ದಾಗ ತಿರುಚಿಕೊಳ್ಳುವುದು ಗೈಡ್ ಮೇಲಿರುವುದರಿಂದ, ಸ್ಪೈನ್‌ನಿಂದ ಅಲ್ಲ. ಬೆರಳ ತುದಿಯಿಂದ ಉದ್ದಕ್ಕೂ ಸವರಿ. ಟೇಪು ಬಿಗಿದ ಗುರುತಿನ ಸಣ್ಣ ಏಣುಗಳು ಇರಬಹುದು, ಅದು ದೋಷವಲ್ಲ. ಬಿರುಕು, ಮೆತ್ತನೆ ಜಾಗ, ಚಕ್ಕೆ ಎದ್ದ ಕಡೆ ಇದ್ದರೆ ವಾಪಸ್ ಕಳಿಸಿ.

ಕೊನೆಗೆ, ದಾರ ಸುತ್ತುವ ಮುಂಚೆ ಗೈಡ್‌ಗಳನ್ನೂ ರೀಲನ್ನೂ ಟೇಪಿನಿಂದ ಬಿಗಿದು ಬಯಲಿಗೆ ಹೋಗಿ. ಕೊಕ್ಕೆ ತೆಗೆದ ಲೂರ್ ಕಟ್ಟಿ ಮೆಲ್ಲಗೆ ಎಸೆಯಿರಿ, ಆಮೇಲೆ ಬಲ ಏರಿಸಿ. ಮೇಲೆ ವಿದ್ಯುತ್ ತಂತಿ ಇಲ್ಲದ ಜಾಗ ನೋಡಿ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಉದ್ದ ಜಾಸ್ತಿ ಅನ್ನಿಸಿದರೆ ಬಟ್ ಕಡೆಯಿಂದ ಒಂದೆರಡು ಇಂಚು ಕತ್ತರಿಸಿ, ತುದಿಯ ಗುಣ ಹಾಗೇ ಉಳಿಯುತ್ತದೆ. ತುದಿ ತೀರಾ ಮೆತ್ತಗೆ ಅನ್ನಿಸಿದರೆ ಅಲ್ಲಿಂದ ಅರ್ಧರ್ಧ ಇಂಚು ಕತ್ತರಿಸುತ್ತಾ ಪ್ರತಿ ಸಲ ಎಸೆದು ನೋಡಿ. ಪವರ್ ಏರುತ್ತದೆ, ಆಕ್ಷನ್ ನಿಧಾನವಾಗುತ್ತದೆ, ಎಸೆಯಲು ಬೇಕಾದ ಕನಿಷ್ಠ ತೂಕವೂ ಏರುತ್ತದೆ. ಮೊದಲು ಬರೆದಿಟ್ಟ ಲೂರ್‌ಗಳಲ್ಲಿ ಅತಿ ಹಗುರವಾದದ್ದು ಸಲೀಸಾಗಿ ಹೋಗುತ್ತಿರುವಾಗಲೇ ಗರಗಸ ಕೆಳಗಿಡಿ.