ನಾಣ್ಯದ ಜಾದೂಗೆ ಹೆಗಲಿಗೆ ಹಾಕಿಕೊಂಡು ಹೋಗುವ ಟೇಬಲ್: ನನ್ನ ಅನುಭವ

ನಮ್ಮ ಕಡೆಯ ಮದುವೆ, ನಾಮಕರಣಗಳಲ್ಲಿ ನಾಣ್ಯದ ಜಾದೂ ಮಾಡುವವನಿಗೆ ಮೊದಲ ತೊಂದರೆ ಟೇಬಲ್ಲಿನದೇ. ಛತ್ರದಲ್ಲಿ ಕುರ್ಚಿಗಳೆಲ್ಲ ವೇದಿಕೆಗೆ ಮುಖ ಮಾಡಿ ಸಾಲಾಗಿ ಇರುತ್ತವೆ. ಊಟದ ಹಾಲಿನಲ್ಲಿ ಟೇಬಲ್ ಇದೆ, ಆದರೆ ಅದರ ಮೇಲೆ ಬಾಳೆಲೆ, ನೀರಿನ ಬಾಟಲಿ. ಕೂತವರ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ಕಾಯುತ್ತಿರುತ್ತಾರೆ. ಅಲ್ಲಿ ಹೋಗಿ ‘ಈ ನಾಣ್ಯ ಸ್ವಲ್ಪ ನೋಡಿ’ ಅಂದರೆ ಬೈಸಿಕೊಳ್ಳುವುದು ಖಂಡಿತ. ಅಮೆರಿಕ, ಇಂಗ್ಲೆಂಡಿನ ಜಾದೂಗಾರರು ರೆಸ್ಟೋರೆಂಟಿನಲ್ಲಿ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಆಟ ತೋರಿಸುತ್ತಾರೆ. ಅವರ ವಿಡಿಯೋ ನೋಡಿ ಕಲಿತ ನಮಗೆ ಆ ಟೇಬಲ್ ಮಾತ್ರ ಇಲ್ಲಿ ಸಿಗುವುದಿಲ್ಲ. ಮನೆಯಿಂದಲೇ ಹೊತ್ತು ತರಬೇಕು.

ಬರೀ ಕೈಯಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಒಂದು ನಾಣ್ಯ ಮಾಯ ಮಾಡಿ ಮಗುವಿನ ಕಿವಿ ಹಿಂದಿನಿಂದ ತೆಗೆಯಲು ಟೇಬಲ್ ಬೇಡ, ನಿಜ. ಆದರೆ ನನಗೆ ಇಷ್ಟವಾದ ಆಟಗಳೆಲ್ಲ ನಾಲ್ಕು ನಾಣ್ಯದವು. 1970ರಲ್ಲಿ ಅಮೆರಿಕದ ಅಲ್ ಶ್ನೈಡರ್ ಹೊರತಂದ ‘ಮ್ಯಾಟ್ರಿಕ್ಸ್’ ಅಂಥದ್ದು. ನಾಲ್ಕು ಮೂಲೆಗೆ ನಾಲ್ಕು ನಾಣ್ಯ, ನಾಲ್ಕು ಇಸ್ಪೀಟ್ ಎಲೆ, ಕೊನೆಗೆ ಎಲ್ಲ ನಾಣ್ಯಗಳೂ ಒಂದೇ ಎಲೆಯ ಕೆಳಗೆ. ಇದಕ್ಕೆ ಜಾಗ ಬೇಕು, ಆ ಜಾಗ ಮೆತ್ತಗೂ ಇರಬೇಕು. ಗಟ್ಟಿ ಮರದ ಮೇಲೆ ಚಪ್ಪಟೆ ಬಿದ್ದ ನಾಣ್ಯವನ್ನು ಉಗುರಿನಿಂದ ಕೆರೆದು ಎತ್ತಬೇಕಾಗುತ್ತದೆ. ಕೆಳಗೆ ರಬ್ಬರ್ ಇದ್ದರೆ ಒಂದು ಅಂಚು ಒತ್ತಿದರೆ ಸಾಕು, ಇನ್ನೊಂದು ಅಂಚು ತಾನಾಗಿ ಮೇಲೇಳುತ್ತದೆ. ಸದ್ದಿನ ಕಥೆಯೂ ಹಾಗೇ. ನಾಣ್ಯಕ್ಕೆ ನಾಣ್ಯ ತಾಗಿದ ಠಣ್ ಎಲ್ಲರಿಗೂ ಕೇಳಬೇಕು, ನಾಣ್ಯ ಟೇಬಲ್ಲಿಗೆ ತಾಗಿದ್ದು ಯಾರಿಗೂ ಕೇಳಬಾರದು. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಈ ಕೆಲಸ ಮಾಡುವವರಿಗೆ ಗೊತ್ತಿದೆ.

ಟೇಬಲ್ ಅಳತೆಗೆ ಮೊದಲು ನಾಣ್ಯ ಯಾವುದು ಅಂತ ತೀರ್ಮಾನವಾಗಬೇಕು. 2011ರ ನಂತರದ ಒಂದು ರೂಪಾಯಿ ನಾಣ್ಯದ ಅಗಲ 22 ಮಿಲಿಮೀಟರ್ ಕೂಡ ಇಲ್ಲ. ಎರಡನೇ ಸಾಲಿನವರಿಗೆ ಅದು ಕಾಣುವುದೇ ಇಲ್ಲ. ಹತ್ತು ರೂಪಾಯಿಯದು 27 ಮಿಲಿಮೀಟರ್, ಎರಡು ಬಣ್ಣ ಇರುವುದರಿಂದ ಪರವಾಗಿಲ್ಲ. ಅಮೆರಿಕದವರು ಹೆಚ್ಚಾಗಿ ಬಳಸುವುದು ಅವರ ಅರ್ಧ ಡಾಲರ್, 30.6 ಮಿಲಿಮೀಟರ್. ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮಗಿಲ್ಲ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ ಹೆಚ್ಚುಕಡಿಮೆ ಅದೇ ಅಗಲ. ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಜೊತೆಗೆ ಇನ್ನೊಂದು ಲಾಭ: ವಿಕ್ಟೋರಿಯಾ ರಾಣಿಯ ರೂಪಾಯಿ ಅಂದ ಕೂಡಲೇ ಅಜ್ಜಿಯಂದಿರು ಮುಂದೆ ಬಂದು ನಿಲ್ಲುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಇರುವ ನಾಣ್ಯ. ಮುಂಚೆ ನೋಡುವವರ ಜೇಬಿನಿಂದಲೇ ನಾಣ್ಯ ಕೇಳಿ ಪಡೆಯುತ್ತಿದ್ದೆವು. ಈಗ ‘ಒಂದು ರೂಪಾಯಿ ಇದೆಯಾ’ ಅಂದರೆ ಫೋನ್ ತೆಗೆದು ಸ್ಕ್ಯಾನರ್ ಎಲ್ಲಿ ಅನ್ನುತ್ತಾರೆ!

ಈ ಗಾತ್ರದ ನಾಲ್ಕು ನಾಣ್ಯಗಳನ್ನು ನಾಲ್ಕು ಮೂಲೆಗೆ ಇಟ್ಟು, ಮಧ್ಯೆ ಎರಡು ಕೈ ಆರಾಮಾಗಿ ಓಡಾಡಲು 22 ಇಂಚು ಉದ್ದ, 16 ಇಂಚು ಅಗಲ ಸಾಕು. ಇನ್ನೂ ದೊಡ್ಡದಾದರೆ ಎದುರಿನವರು ದೂರ ಸರಿಯುತ್ತಾರೆ. ಈ ಅಳತೆಗೆ ಇನ್ನೊಂದು ಕಾರಣವೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಡ್ರಾಯಿಂಗ್ ಬೋರ್ಡ್ ಹಾಕಿಕೊಂಡು ಹೋಗುವ ಎ2 ಬ್ಯಾಗ್ ಇದೆಯಲ್ಲ, ಅದರಲ್ಲಿ ಇದು ಸಲೀಸಾಗಿ ಕೂರುತ್ತದೆ. ಮಧ್ಯೆ ಕೀಲು ಹಾಕಿ ಮಡಿಸುವ ಹಲಗೆ ಮಾಡಬಹುದಿತ್ತು. ಆದರೆ ಕೀಲಿನ ಗೆರೆ ಎಷ್ಟೇ ಮುಚ್ಚಿದರೂ ಬೆರಳಿಗೆ ಸಿಗುತ್ತದೆ, ಜಾರುವ ನಾಣ್ಯವೂ ಅಲ್ಲಿ ಮುಗ್ಗರಿಸುತ್ತದೆ. ಅದಕ್ಕೇ ಒಂದೇ ಹಲಗೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ 9 ಮಿಲಿಮೀಟರ್ ಪ್ಲೈವುಡ್ ತುಂಡು ಕತ್ತರಿಸಿ ಕೊಟ್ಟರು. ತೂಕ ಒಂದೂಕಾಲು ಕಿಲೋ ಆಸುಪಾಸು.

ತಲೆ ಜಾಸ್ತಿ ಓಡಿಸಬೇಕಾಗಿದ್ದು ಕಾಲಿಗೆ. ಹಾಸಿಗೆ ಮೇಲೆ ಇಟ್ಟುಕೊಳ್ಳುವ ಲ್ಯಾಪ್‌ಟಾಪ್ ಟೇಬಲ್ ನಿಂತು ಆಡುವವರಿಗೆ ಪ್ರಯೋಜನವಿಲ್ಲ. ಸಂಗೀತದವರ ನೊಟೇಶನ್ ಸ್ಟ್ಯಾಂಡ್ ಹಗುರ, ಆದರೆ ಒಂದು ಕೈ ಊರಿದರೆ ಬಾಗುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಹಲಗೆ ಕೂರಿಸುವವರು ಬಹಳ ಮಂದಿ. ಅಲ್ಲಿ ತೊಂದರೆ ಏನೆಂದರೆ ಇಡೀ ಹಲಗೆ ನಿಲ್ಲುವುದು ಕಾಲು ಇಂಚಿನ ಒಂದೇ ಸ್ಕ್ರೂ ಮೇಲೆ. ಮೂಲೆಯಲ್ಲಿ ನಾಣ್ಯ ಒತ್ತಿದ ಕೂಡಲೇ ಹಲಗೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ.

ನಾನು ಕೊನೆಗೆ ಆರಿಸಿಕೊಂಡಿದ್ದು ಸೌಂಡ್ ಸಿಸ್ಟಂನವರು ಸ್ಪೀಕರ್ ಕೂರಿಸುವ ಅಲ್ಯುಮಿನಿಯಂ ಸ್ಟ್ಯಾಂಡ್. ಅದರ ಮೇಲಿನ ಕೊಳವೆ 35 ಮಿಲಿಮೀಟರ್ ದಪ್ಪ. ಆ ಕೊಳವೆಗೆ ಕೂರುವ ಟೋಪಿಯಂಥ ಲೋಹದ ಬಟ್ಟಲು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಅದನ್ನು ಹಲಗೆಯ ಅಡಿಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದೆ. ಬಟ್ಟಲಿನ ಪಕ್ಕಕ್ಕೆ ಒಂದು ತೂತು ಕೊರೆದು ಕೈಯಲ್ಲೇ ತಿರುಗಿಸುವ ಸ್ಕ್ರೂ ಇಟ್ಟ ಮೇಲೆ ಹಲಗೆ ತಿರುಗುವುದು ನಿಂತಿತು. ಸ್ಪೀಕರ್ ಸ್ಟ್ಯಾಂಡ್ ಎಷ್ಟು ಇಳಿಸಿದರೂ ನಮಗೆ ಎತ್ತರ ಜಾಸ್ತಿ. ಅದು ಜನರ ತಲೆಯ ಮೇಲೆ ಸದ್ದು ಹೋಗಲಿ ಅಂತ ಮಾಡಿದ್ದು. ಹಾಗಾಗಿ ಒಳ ಕೊಳವೆ, ಹೊರ ಕೊಳವೆ ಎರಡನ್ನೂ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ, ಎತ್ತರ ನಿಲ್ಲಿಸುವ ಪಿನ್ನಿಗೆ ಹೊಸ ತೂತು ಹಾಕಿಸಿದೆ. ಈ ಪಿನ್ ಬಹಳ ಮುಖ್ಯ. ಬರೀ ಸ್ಕ್ರೂ ಬಿಗಿದ ಕೊಳವೆ ಆಟದ ಮಧ್ಯೆ ಗೊತ್ತಾಗದ ಹಾಗೆ ಕೆಳಗಿಳಿಯುತ್ತದೆ. ಪಿನ್ ಹಾಕಿದ್ದು ಅಲ್ಲಾಡುವುದಿಲ್ಲ.

ಮೂರು ಕಾಲಿನ ಸ್ಟ್ಯಾಂಡ್ ಬೀಳುವುದಾದರೆ ಎರಡು ಕಾಲುಗಳ ನಡುವಿನ ಕಡೆಗೇ ಬೀಳುತ್ತದೆ, ಕಾಲಿರುವ ಕಡೆಗಲ್ಲ. ನಡುವಿನಿಂದ ಕಾಲ ತುದಿಗೆ 20 ಇಂಚು ಇದ್ದರೆ, ಎರಡು ಕಾಲುಗಳ ನಡುವೆ ಸಿಗುವ ಆಸರೆ 10 ಇಂಚು ಮಾತ್ರ. ಹಲಗೆ ನಡುವಿನಿಂದ ಪಕ್ಕಕ್ಕೆ 11 ಇಂಚು, ಹಿಂದೆ ಮುಂದೆ 8 ಇಂಚು. ಕೈ ಜಾಸ್ತಿ ಊರುವುದು ನಮ್ಮ ಕಡೆಯ ಅಂಚಿಗೆ. ಆದ್ದರಿಂದ ಒಂದು ಕಾಲನ್ನು ನನ್ನ ಕಡೆಗೇ ತಿರುಗಿಸಿ, ಅದು ನನ್ನ ಎರಡು ಪಾದಗಳ ಮಧ್ಯೆ ಬರುವಂತೆ ನಿಲ್ಲುತ್ತೇನೆ. ಉಳಿದ ಎರಡು ಕಾಲು ಎಡಕ್ಕೂ ಬಲಕ್ಕೂ ಓರೆಯಾಗಿ ಹೋಗುತ್ತವೆ. ಜನರ ಕಡೆಗೆ ಅವು ಹಲಗೆಯಿಂದ ಆಚೆ ಎರಡೇ ಇಂಚು ಚಾಚುತ್ತವೆ, ಮಕ್ಕಳು ಎಡವುವುದಿಲ್ಲ. ಹೊರಗೆ ಶಾಮಿಯಾನದಲ್ಲಿ ಆಡುವಾಗ ಕೊಳವೆಗೆ ಕೊಕ್ಕೆ ಹಾಕಿ ಎರಡು ಲೀಟರಿನ ನೀರಿನ ಬಾಟಲಿ ನೇತುಹಾಕುತ್ತೇನೆ. ಎರಡು ಕಿಲೋ ಭಾರ ಊರಿನಲ್ಲೇ ಸಿಗುತ್ತದೆ, ಹೊತ್ತು ತರುವ ಕೆಲಸವಿಲ್ಲ.

ಮೇಲಿನ ಮೆತ್ತೆಗೆ ಯೋಗ ಮ್ಯಾಟ್ ಕತ್ತರಿಸಿ ಹಾಕಿ ಅನ್ನುವವರಿದ್ದಾರೆ. ನನಗದು ಸರಿಹೋಗಲಿಲ್ಲ, ನಾಣ್ಯ ಪುಟಿಯುತ್ತದೆ. ಬೇಕಾದ್ದು ಒತ್ತಿದರೆ ತಗ್ಗಿ ನಿಧಾನಕ್ಕೆ ಏಳುವ ರಬ್ಬರ್. ಕಂಪ್ಯೂಟರ್ ಗೇಮ್ ಆಡುವ ಹುಡುಗರು ಮೇಜಿಗೆಲ್ಲ ಹಾಸುವ ಉದ್ದನೆಯ ಮೌಸ್ ಪ್ಯಾಡ್ ಸಿಗುತ್ತದೆ. 900ಕ್ಕೆ 400 ಮಿಲಿಮೀಟರ್, ದಪ್ಪ 3 ಅಥವಾ 4. ಅದರ ಅಗಲ ಸುಮಾರು 16 ಇಂಚೇ! ಉದ್ದ ಮಾತ್ರ ಕತ್ತರಿಸಿದರೆ ಆಯಿತು. ಇದನ್ನು ಹಲಗೆಗೆ ಅಂಟಿಸಲು ಬಿಳಿ ಫೆವಿಕಾಲ್ ಸಾಲದು, ಚಪ್ಪಲಿ ರಿಪೇರಿಯವರು ಬಳಸುವ ಹಳದಿ ರಬ್ಬರ್ ಅಂಟು ಬೇಕು. ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಮುಂಚೆಯೇ ಒತ್ತಿದರೆ ಗುಳ್ಳೆ ಉಳಿಯುತ್ತದೆ.

ಮೇಲಿನ ಬಟ್ಟೆಗೆ ಈ ಅಂಟು ಬೇಡವೇ ಬೇಡ. ಒಳಗಿನಿಂದ ಹೀರಿಕೊಂಡು ಕಲೆಯಾಗಿ ಗಟ್ಟಿಯಾಗುತ್ತದೆ. ಬಟ್ಟೆಯನ್ನು ಎಳೆದು ಹಲಗೆಯ ಅಡಿಗೆ ಮಡಿಸಿ ಸ್ಟೇಪಲ್ ಹೊಡೆಯುವುದೇ ವಾಸಿ. ಹಾಳಾದರೆ ಬದಲಿಸಲೂಬಹುದು. ಯಾವ ಬಟ್ಟೆ? ಚಿಕ್ಕಪೇಟೆಯ ರವಿಕೆ ವೆಲ್ವೆಟ್ ನೋಡಲು ಚೆಂದ, ಆದರೆ ಅದರ ಜುಂಗಿನಲ್ಲಿ ನಾಣ್ಯ ಸಿಕ್ಕಿಕೊಳ್ಳುತ್ತದೆ, ಜಾರುವುದಿಲ್ಲ. ಕ್ರಾಫ್ಟ್ ಅಂಗಡಿಯ ಫೆಲ್ಟ್ ಬೇಗ ಉಂಡೆ ಉಂಡೆಯಾಗಿ ಏಳುತ್ತದೆ. ನನ್ನ ಮೆಚ್ಚಿನದು ಸ್ನೂಕರ್ ಟೇಬಲ್ಲಿನ ಉಣ್ಣೆಬಟ್ಟೆ. ಹೊಸದು ದುಬಾರಿ. ಕ್ಲಬ್‌ಗಳಲ್ಲಿ ಬಟ್ಟೆ ಬದಲಿಸುವಾಗ ತೆಗೆದ ಹಳೆಯ ತುಂಡಿನಲ್ಲಿ ಸವೆಯದ ಜಾಗ ಬೇಕಾದಷ್ಟು ಇರುತ್ತದೆ, ನಮಗೆ ಬೇಕಾಗಿದ್ದು ಎರಡು ಅಡಿ ಅಷ್ಟೇ. ಬಣ್ಣ ಹಸಿರು. ಕಪ್ಪು ಬಟ್ಟೆಯ ಮೇಲೆ ಬೆಳ್ಳಿ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ ಅನ್ನುವುದು ನಿಜ. ಆದರೆ ಜಾದೂಗಾರನ ಮುಂದೆ ಕಪ್ಪು ಬಟ್ಟೆ ಕಂಡರೆ ಜನ ಮೊದಲು ಅನುಮಾನಿಸುವುದು ಅದನ್ನೇ. ಛತ್ರದಲ್ಲಂತೂ ಅಕ್ಷತೆ ಕಾಳು, ಕುಂಕುಮ ಎಲ್ಲ ಅದರ ಮೇಲೇ ಬಂದು ಕೂರುತ್ತದೆ. ಬಟ್ಟೆ ಉಜ್ಜುವ ಬ್ರಷ್ ಒಂದು ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

ಅನುಮಾನದ ಮಾತು ಬಂತಲ್ಲ. ‘ಟೇಬಲ್ ಒಳಗೆ ಏನೋ ಇದೆ’ ಅನ್ನುವುದು ಹಳೆಯ ಮಾತು. 1845ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ರಂಗಮಂದಿರ ತೆರೆದ ರಾಬರ್ಟ್-ಹೂಡ್ಯಾಂ, ಅದಕ್ಕೆ ಮುಂಚಿನ ಜಾದೂಗಾರರ ನೆಲ ಮುಟ್ಟುವ ಬಟ್ಟೆಯ ದೊಡ್ಡ ಟೇಬಲ್‌ಗಳನ್ನು ಗೇಲಿ ಮಾಡಿದ್ದ. ಒಳಗೆ ಸಹಾಯಕ ಕೂತಿರುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನದಕ್ಕೆ ಇಳಿಬಟ್ಟೆಯೇ ಇಲ್ಲ. ಬರೀ ಒಂದು ಕೊಳವೆ, ಮೇಲೆ ಬೆರಳಿನಷ್ಟು ದಪ್ಪದ ಹಲಗೆ. ಹುಡುಗರು ಬಗ್ಗಿ ಅಡಿಗೆ ನೋಡುತ್ತಾರೆ, ನೋಡಲಿ ಬಿಡಿ. ಕೆಲವರು ಹಲಗೆಯ ಹಿಂಭಾಗಕ್ಕೆ ಗುಟ್ಟಿನ ಜೋಳಿಗೆ ಕಟ್ಟುತ್ತಾರೆ. ಜನ ಸುತ್ತ ನಿಲ್ಲುವ ನಮ್ಮ ಕಡೆ ಅದರಿಂದ ಲಾಭಕ್ಕಿಂತ ತಲೆನೋವೇ ಜಾಸ್ತಿ.

ಎತ್ತರ 38 ಇಂಚು ಇಟ್ಟಿದ್ದೇನೆ. ನಿಂತಾಗ ಮೊಣಕೈಗಿಂತ ಒಂದು ಗೇಣಿಗೂ ಕಡಿಮೆ ಕೆಳಗೆ. ದೊಡ್ಡವರಿಗೆ ಮೇಲಿನಿಂದ ಎಲ್ಲ ಕಾಣುತ್ತದೆ. ಆರೇಳು ವರ್ಷದ ಮಕ್ಕಳ ಕಣ್ಣು ಮಾತ್ರ ಹಲಗೆಯಿಂದ ಸ್ವಲ್ಪವೇ ಮೇಲಿರುತ್ತದೆ. ಅವರಿಗೆ ನಾಣ್ಯ ಬರೀ ಗೆರೆಯಾಗಿ ಕಾಣುತ್ತದೆ. ಅಂಗೈ ಕೆಳಗೆ ಏನಿದೆ ಅನ್ನುವುದು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ! ಇದಕ್ಕಾಗಿ ಪಿನ್ನಿಗೆ ಎರಡನೇ ತೂತು ಇದೆ, 28 ಇಂಚಿಗೆ. ಮಕ್ಕಳೇ ಜಾಸ್ತಿ ಇದ್ದರೆ ನಾನೂ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ನಾಣ್ಯ ಉರುಳಿ ಬೀಳದಿರಲಿ ಅಂತ ಅಂಚಿಗೆ ಕಾಲು ಇಂಚಿನ ಪಟ್ಟಿ ಹೊಡೆಸಿದ್ದೇನೆ, ಮೂರು ಕಡೆ ಮಾತ್ರ. ನನ್ನ ಕಡೆಯ ಅಂಚು ತೆರೆದೇ ಇದೆ, ಉಜ್ಜುಕಾಗದದಿಂದ ಉಜ್ಜಿ ದುಂಡಗೆ ಮಾಡಿದ್ದೇನೆ. ನಾಣ್ಯಗಳನ್ನು ಸರಿಸಿ ಇನ್ನೊಂದು ಕೈಗೆ ಬೀಳಿಸಿಕೊಳ್ಳಲು ಅದು ಬೇಕು. ಹಲಗೆಗೆ ಹೊದಿಸುವ ಚೀಲದ ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಹಾಕಿಸಬೇಡಿ. ನಮ್ಮ ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುತ್ತವೆ. ಬೆಳ್ಳಿಯದು, ಹಿತ್ತಾಳೆ ಬಣ್ಣದ ಐದು ರೂಪಾಯಿಯದು ಅಂಟುವುದಿಲ್ಲ. ಸುಮ್ನೆ ವೆಲ್ಕ್ರೋ ಸಾಕು.

ಇಸ್ಪೀಟ್ ಎಲೆಗೆ ಛತ್ರದ ಫ್ಯಾನೇ ದೊಡ್ಡ ಶತ್ರು. ಟೇಬಲ್ ಬಿಚ್ಚುವ ಮುಂಚೆ ತಲೆಯೆತ್ತಿ ನೋಡಿ, ಎರಡು ಫ್ಯಾನ್‌ಗಳ ನಡುವಿನ ಜಾಗ ಹಿಡಿಯಿರಿ. ಕೂಲರ್ ಇದ್ದರೆ ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕು, ಅಷ್ಟಕ್ಕೇ ಎಲೆ ಹಾರುವುದು ಮುಕ್ಕಾಲು ಪಾಲು ನಿಲ್ಲುತ್ತದೆ. ಸಾಗಿಸುವುದು ಕಷ್ಟವಿಲ್ಲ. ಹಲಗೆ ಬೆನ್ನಿಗೆ, ಸ್ಟ್ಯಾಂಡ್ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಉದ್ದಕ್ಕೆ. ಮೆಟ್ರೋದಲ್ಲಿ ಹೋಗುವಾಗ ನಾಣ್ಯದ ಚೀಲವನ್ನು ಕೈಯಲ್ಲೇ ತೆಗೆದು ತೋರಿಸಿದರೆ ತಪಾಸಣೆ ಬೇಗ ಮುಗಿಯುತ್ತದೆ. ಕೆಲವೊಮ್ಮೆ ಅಲ್ಲಿಯೇ ಒಂದು ಆಟ ತೋರಿಸಿ ಅನ್ನುತ್ತಾರೆ, ಅದು ಬೇರೆ ಮಾತು. ಮನೆಯ ಸಣ್ಣ ಕಾರ್ಯಕ್ರಮಕ್ಕಾದರೆ ಸ್ಟ್ಯಾಂಡ್ ಮನೆಯಲ್ಲೇ ಬಿಟ್ಟು ಹಲಗೆ ಮಾತ್ರ ಒಯ್ಯುತ್ತೇನೆ. ಅಡಿಯ ಬಟ್ಟಲು ಎರಡು ಮಣೆಗಳ ನಡುವೆ ಇಳಿಯುವ ಹಾಗೆ ಇಟ್ಟು, ಚಾಪೆ ಮೇಲೆ ಚಕ್ಕಳಮಕ್ಕಳ ಕೂತರೆ ಆಟ ಶುರು ಮಾಡಬಹುದು.